ಭೋರ್‌ನಿಂದ ನಕ್ಷತ್ರ ನೋಡಲು ಯಾವ ದಿಕ್ಕಿಗೆ ಹೋಗಬೇಕು?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು. ನನ್ನ ಕೆಲಸ ಶಿರವಳದ ಕಾರ್ಖಾನೆಯೊಂದರಲ್ಲಿ, ಮನೆ ಪುಣೆ ಜಿಲ್ಲೆಯ ಭೋರ್‌ನಲ್ಲಿ. ನಮ್ಮೂರಾಗ ಬ್ಯಾಸಿಗಿಗೆ ಅಂಗಳದಾಗ ಹಾಸಿಗಿ ಹಾಕಿ ಮಲಗತಿದ್ವಿ, ನಡುರಾತ್ರಿ ಎಚ್ಚರಾದ್ರ ಆಕಾಶಗಂಗೆ ಕಾಣತಿತ್ತು. ಇಲ್ಲಿ ತಾರಸಿಯ ಮೇಲೆ ನಿಂತರೆ ಬೆರಳೆಣಿಕೆಯ ಚುಕ್ಕಿಗಳು. ನನ್ನ ಇಬ್ಬರು ಮಕ್ಕಳು ಆಕಾಶಗಂಗೆಯನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ರಾಜಗಡವನ್ನೋ ತೋರಣಾವನ್ನೋ ಹತ್ತಿ ನೋಡು ಎಂದು ಗೆಳೆಯರು ಹೇಳುತ್ತಾರೆ. ಒಂದು ಹಳೆಯ ಕಾರು ಇದೆ, ಟೆಲಿಸ್ಕೋಪ್ ಇಲ್ಲ. ಊರಿನ ಹತ್ತಿರ ಒಳ್ಳೆಯ ಜಾಗ ಯಾವುದು, ಅದನ್ನು ಗುರುತಿಸುವುದು ಹೇಗೆ? ಟೆಲಿಸ್ಕೋಪ್ ಕೊಳ್ಳಬೇಕೇ?

ಉತ್ತರ: ಪಶ್ಚಿಮಕ್ಕೆ ಹೋಗಿ, ಸ್ವಲ್ಪ ದಕ್ಷಿಣಕ್ಕೆ ವಾಲಿಕೊಂಡು. ಭೋರ್‌ನಿಂದ ವರಂಧಾ ಘಾಟ್ ಮೂಲಕ ಮಹಾಡ್‌ಗೆ ಇಳಿಯುವ ರಸ್ತೆ ಇದೆಯಲ್ಲ, ಅದರಲ್ಲಿ ನೀರಾ-ದೇವಘರ್ ಅಣೆಕಟ್ಟು ದಾಟಿದ ಮೇಲೆ ಹಿನ್ನೀರಿನ ಬದಿಯ ಹಳ್ಳಿಗಳು ಸಿಗುತ್ತವೆ. ನಿಮ್ಮ ಮಕ್ಕಳಿಗೆ ಮೊದಲು ತೋರಿಸಬೇಕಾದ ಆಕಾಶ ಅಲ್ಲಿದೆ. ರಾಜಗಡ, ತೋರಣಾ ಈ ಕೆಲಸಕ್ಕೆ ಬೇಡ. ಯಾಕೆ ಬೇಡ ಎಂದು ಬಿಡಿಸಿ ಹೇಳಿದರೆ ಜಾಗ ಗುರುತಿಸುವ ಕ್ರಮವೂ ತಾನಾಗಿಯೇ ತಿಳಿಯುತ್ತದೆ. ನಾಳೆ ನೀವು ಬೇರೆ ಊರಿಗೆ ಮನೆ ಬದಲಿಸಿದರೂ ಅದು ಉಪಯೋಗಕ್ಕೆ ಬರುತ್ತದೆ.

ಒಂದು ನಕಾಶೆ ತೆರೆದು ಭೋರ್‌ನಿಂದ ಪುಣೆಗೆ ನೇರ ಗೆರೆ ಎಳೆಯಿರಿ. ರಸ್ತೆಯ ದೂರ ಇಲ್ಲಿ ಲೆಕ್ಕಕ್ಕಿಲ್ಲ. ನೇರ ದೂರ ಸುಮಾರು 41 ಕಿ.ಮೀ., ದಿಕ್ಕು ಹೆಚ್ಚುಕಡಿಮೆ ನೆಟ್ಟಗೆ ಉತ್ತರ. ಈಗ ರಾಜಗಡದಿಂದ ಪುಣೆಗೆ ಗೆರೆ ಎಳೆಯಿರಿ. ಸುಮಾರು 35 ಕಿ.ಮೀ. ಬರುತ್ತದೆ. ತೋರಣಾದಿಂದಲೂ ಅಷ್ಟೇ, ಒಂದೆರಡು ಕಿ.ಮೀ. ಹೆಚ್ಚು. ಅಂದರೆ ಬೆವರಿಳಿಸಿ ಕೋಟೆ ಹತ್ತಿ ನೀವು ಪುಣೆಯ ಬೆಳಕಿಗೆ ಇನ್ನಷ್ಟು ಹತ್ತಿರ ಹೋಗುತ್ತೀರಿ. ಕೋಟೆಯ ಎತ್ತರದಿಂದ ಲಾಭ ಇಲ್ಲವೆಂದಲ್ಲ; ಕಣಿವೆಯ ಹೊಗೆ, ಮಂಜು ಕೆಳಗೆ ಉಳಿಯುತ್ತವೆ. ಆದರೆ ಈಶಾನ್ಯದ ದಿಗಂತದಿಂದ ಮೇಲೆ ಬಹುದೂರದವರೆಗೆ ಪುಣೆ ಮತ್ತು ಪಿಂಪ್ರಿ-ಚಿಂಚವಡದ ಬಿಳಿ ಬೆಳಕು ಹರಡಿರುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ಆ ಕೋಟೆಗಳ ದಾರಿ ಹತ್ತಿಳಿಯುವುದೂ ಸಲ್ಲ.

ನಗರದ ಬೆಳಕು ದೂರದೊಂದಿಗೆ ಹೇಗೆ ಕುಗ್ಗುತ್ತದೆ ಎನ್ನುವುದಕ್ಕೆ ಖಗೋಳಜ್ಞರು ಬಳಸುವ ಒಂದು ಅಂದಾಜಿನ ಸೂತ್ರವಿದೆ. 1970ರ ದಶಕದಲ್ಲಿ ಅಮೆರಿಕದ ಮರ್ಲ್ ವಾಕರ್ ಕ್ಯಾಲಿಫೋರ್ನಿಯಾದ ಊರುಗಳ ಸುತ್ತ ಅಳತೆ ಮಾಡಿ ಕಂಡುಕೊಂಡದ್ದು. ಊರಿನ ಜನಸಂಖ್ಯೆ ಇಮ್ಮಡಿಯಾದರೆ ಆಕಾಶದ ಮೇಲಿನ ಬೆಳಕೂ ಇಮ್ಮಡಿಯಾಗುತ್ತದೆ. ನೀವು ಇಮ್ಮಡಿ ದೂರ ಹೋದರೆ ಮಾತ್ರ ಬೆಳಕು ಅರ್ಧಕ್ಕಿಳಿಯುವುದಿಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ದೂರ ನಮ್ಮ ಪರವಾಗಿ ಬಹಳ ಕೆಲಸ ಮಾಡುತ್ತದೆ.

ಇದನ್ನು ನಿಮ್ಮ ಊರಿಗೆ ಹಚ್ಚಿ ನೋಡಿ. ನಿಮ್ಮ ತಾರಸಿಯನ್ನು ಕೆಡಿಸುತ್ತಿರುವುದು ಪುಣೆ ಒಂದೇ ಅಲ್ಲ. ಭೋರ್‌ನ ಬೀದಿದೀಪಗಳು ಮೊದಲ ಕಾರಣ. ಪೂರ್ವಕ್ಕೆ ಸುಮಾರು 14 ಕಿ.ಮೀ. ದೂರದಲ್ಲಿ ನೀವು ಕೆಲಸ ಮಾಡುವ ಶಿರವಳದ ಕೈಗಾರಿಕಾ ಪ್ರದೇಶವಿದೆ, ಅದರ ಬೆನ್ನಿಗೆ ಪುಣೆ–ಸಾತಾರಾ ಹೆದ್ದಾರಿಯ ಹೋಟೆಲು, ಪೆಟ್ರೋಲ್ ಬಂಕುಗಳ ಸಾಲು. ನೀರಾ-ದೇವಘರ್ ಹಿನ್ನೀರಿಗೆ ಹೋದರೆ ಶಿರವಳ ಸುಮಾರು 34 ಕಿ.ಮೀ. ಹಿಂದೆ ಬೀಳುತ್ತದೆ, ಅದರ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪುಣೆಯ ನೇರ ದೂರ 51 ಕಿ.ಮೀ. ಆಗುತ್ತದೆ, ಅದರ ಬೆಳಕೂ ಭೋರ್‌ನಲ್ಲಿ ಕಾಣುವುದರ ಅರ್ಧಕ್ಕಿಂತ ತುಸು ಮೇಲಕ್ಕೆ ಬಂದು ನಿಲ್ಲುತ್ತದೆ. ನಡುವೆ ಬೆಟ್ಟದ ಸಾಲುಗಳು ಬರುವುದರಿಂದ ನೇರ ದೀಪ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚು, ಅದರಾಚೆ ಕೊಂಕಣದ ಇಳಿಜಾರು. ನೈಋತ್ಯಕ್ಕೆ ಜಾವಳಿಯ ಕಾಡು, ಕೊಯ್ನಾ ಕಣಿವೆ. ಇಡೀ ಪ್ರದೇಶದಲ್ಲಿ ಅತಿ ಕಡಿಮೆ ದೀಪಗಳಿರುವ ದಿಕ್ಕು ಅದು.

ಇಲ್ಲಿ ನಿಮ್ಮ ಊರಿಗೊಂದು ದೊಡ್ಡ ಅದೃಷ್ಟವಿದೆ. ಪುಣೆ ನಿಮಗೆ ಉತ್ತರಕ್ಕಿದೆ. ಭೋರ್‌ನ ಅಕ್ಷಾಂಶ ಸುಮಾರು 18 ಡಿಗ್ರಿ. ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಅದರ ಸುತ್ತಿನ ಆಕಾಶದಲ್ಲಿ ಬರಿಗಣ್ಣಿಗೆ ದಕ್ಕುವ ಸಂಪತ್ತು ಕಡಿಮೆ. ಧ್ರುವ, ಸಪ್ತರ್ಷಿಮಂಡಲ, ಇಂಗ್ಲಿಷಿನ ಎಂ ಅಕ್ಷರದಂಥ ಶರ್ಮಿಷ್ಠಾ ಎಲ್ಲವೂ ಸಾಕಷ್ಟು ಉಜ್ವಲವಾಗಿದ್ದು ಮಂಕು ಬೆಳಕಿನಲ್ಲೂ ಕಾಣುತ್ತವೆ. ನಿಜವಾದ ಐಶ್ವರ್ಯ ಇರುವುದು ದಕ್ಷಿಣದಲ್ಲಿ. ವೃಶ್ಚಿಕ, ಧನು, ಆಕಾಶಗಂಗೆಯ ದಪ್ಪನೆಯ ನಡುಭಾಗ, ಅಗಸ್ತ್ಯ (ಕ್ಯಾನೋಪಸ್), ತ್ರಿಶಂಕು (ಸದರ್ನ್ ಕ್ರಾಸ್), ಕಿನ್ನರ (ಸೆಂಟಾರಸ್) ಎಲ್ಲ ಆ ಕಡೆ. ಯುರೋಪಿನ ಬಹುಪಾಲು ಜನ ತ್ರಿಶಂಕುವನ್ನು ಮನೆಯಿಂದ ನೋಡಲಾರರು, ನಾವು ನೋಡಬಲ್ಲೆವು. ಪುಣೆಯ ಉತ್ತರಕ್ಕೆ ಇರುವ ಊರುಗಳವರಿಗೆ ಇದೇ ದಕ್ಷಿಣ ದಿಗಂತ ನಗರದ ಬೆಳಕಿನಲ್ಲಿ ಕರಗಿಹೋಗುತ್ತದೆ. ನೀವು ಪುಣೆಗೆ ಬೆನ್ನು ಮಾಡಿ ಕುಳಿತರೆ ಸಾಕು, ಕಪ್ಪು ಆಕಾಶ ಮುಖದ ಮುಂದೆ ಇರುತ್ತದೆ.

ಆದ್ದರಿಂದ ಸಣ್ಣ ಊರಿನವರು ಜಾಗ ಹುಡುಕುವಾಗ ಮೊದಲು ಕೇಳಬೇಕಾದದ್ದು ಎಷ್ಟು ದೂರ ಎಂದಲ್ಲ, ದಕ್ಷಿಣಕ್ಕೆ ಏನಿದೆ ಎಂದು. ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಅರ್ಧ ಜಾಗಗಳು ತಾವೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ದಕ್ಷಿಣಕ್ಕೆ ದೀಪ ಇರಬಾರದು, ಹಾಗೆಯೇ ಎತ್ತರದ ಗುಡ್ಡವೂ ಅಡ್ಡ ಇರಬಾರದು. ಗುಡ್ಡದ ಎತ್ತರ ಅಳೆಯಲು ಸಾಧನ ಬೇಡ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಮಕ್ಕಳಿಗೂ ಈ ಲೆಕ್ಕ ಸರಿಹೋಗುತ್ತದೆ, ಕೈ ಗಿಡ್ಡವಾದರೆ ಮುಷ್ಟಿಯೂ ಚಿಕ್ಕದು. ಭೋರ್‌ನ ಅಕ್ಷಾಂಶದಲ್ಲಿ ಅಗಸ್ತ್ಯ ತನ್ನ ಪರಮ ಎತ್ತರದಲ್ಲಿ 19 ಡಿಗ್ರಿಗೆ ಬರುತ್ತಾನೆ, ಅಂದರೆ ಎರಡು ಮುಷ್ಟಿ. ಕಿನ್ನರ ಪುಂಜದ ದೊಡ್ಡ ಗೋಳಗುಚ್ಛ, ಅಂದರೆ ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು, ಒಮೇಗಾ ಸೆಂಟಾರಿ 24 ಡಿಗ್ರಿ. ಸೂರ್ಯನ ನೆರೆಯ ನಕ್ಷತ್ರ ಆಲ್ಫಾ ಸೆಂಟಾರಿ ಬರೀ 11. ತ್ರಿಶಂಕುವಿನ ಬುಡದ ನಕ್ಷತ್ರ 9 ಡಿಗ್ರಿ ದಾಟುವುದಿಲ್ಲ. ಹಾಗಾಗಿ ದಕ್ಷಿಣದ ಗುಡ್ಡ ಒಂದು ಮುಷ್ಟಿಗಿಂತ ಎತ್ತರವಾಗಿದ್ದರೆ ತ್ರಿಶಂಕುವಿನ ಕಾಲು ಮುಚ್ಚಿಹೋಗುತ್ತದೆ, ಎರಡು ಮುಷ್ಟಿಯಾದರೆ ಅಗಸ್ತ್ಯನೂ ಇಲ್ಲ. ಆಕಾಶಗಂಗೆಯ ಕೇಂದ್ರ ಮಾತ್ರ 43 ಡಿಗ್ರಿಯವರೆಗೆ ಏರುವುದರಿಂದ ಅದಕ್ಕೆ ಯಾವ ಕಣಿವೆಯೂ ನಡೆದೀತು.

ಹಿನ್ನೀರನ್ನು ನಾನು ಇಷ್ಟಪಡುವುದು ಇದಕ್ಕೇ. ಮಹಾಡ್ ಕಡೆ ಹೋಗುವಾಗ ನೀರು ಎಡಗಡೆಗೆ, ಅಂದರೆ ದಕ್ಷಿಣಕ್ಕೆ ಬರುವ ಜಾಗಗಳಿವೆ. ನೀರಿನ ಮೇಲೆ ಯಾರೂ ದೀಪ ನೆಡುವುದಿಲ್ಲ, ಮರ ಬೆಳೆಯುವುದಿಲ್ಲ, ಎದುರಿನ ಗುಡ್ಡವೂ ನೀರಿನ ಅಗಲದಷ್ಟು ಹಿಂದೆ ಸರಿದು ಗಿಡ್ಡವಾಗಿ ಕಾಣುತ್ತದೆ. ರಸ್ತೆಗೆ ತೀರ ತಗುಲಿಕೊಂಡು ಕೂರಬೇಡಿ. ತಿರುವಿನಲ್ಲಿ ಬರುವ ಒಂದೇ ಒಂದು ಲಾರಿಯ ಹೆಡ್‌ಲೈಟು ಕಣ್ಣಿಗೆ ಬಿದ್ದರೆ ಕಣ್ಣನ್ನು ಕತ್ತಲಿಗೆ ಒಗ್ಗಿಸಿದ ಅರ್ಧ ಗಂಟೆ ಹಾಳು. ಹಾಗೆಂದು ಮಕ್ಕಳೊಂದಿಗೆ ನೀರಿನ ಅಂಚಿಗೂ ಇಳಿಯಬೇಡಿ. ಹಿನ್ನೀರು ಇಳಿದ ಕಡೆ ಕೆಸರು ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ. ರಸ್ತೆ ಮತ್ತು ನೀರಿನ ನಡುವೆ ಯಾರದಾದರೂ ಖಾಲಿ ಗದ್ದೆಯೋ ಶಾಲೆಯ ಮೈದಾನವೋ ಸಿಕ್ಕರೆ ಉತ್ತಮ.

ರಾಯರೇಶ್ವರದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಭೋರ್‌ನವರು ಯಾರಾದರೂ ಅದನ್ನು ನಿಮಗೆ ಹೇಳಿಯೇ ಹೇಳುತ್ತಾರೆ. 1300 ಮೀಟರಿಗೂ ಎತ್ತರದ ವಿಶಾಲ ಪ್ರಸ್ಥಭೂಮಿ ಅದು. 1645ರಲ್ಲಿ ಶಿವಾಜಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದು ಅಲ್ಲಿಯ ಶಿವಾಲಯದಲ್ಲಿ ಎಂಬುದು ಸಂಪ್ರದಾಯ. ಮೇಲೆ ಜಂಗಮ ಮನೆತನಗಳು ವಾಸವಾಗಿವೆ, ಊಟ ವಸತಿಗೆ ಮೊದಲೇ ಮಾತಾಡಿಕೊಂಡು ಹೋಗಬಹುದು. ಚಳಿಗಾಲದಲ್ಲಿ ಕಣಿವೆಯ ಹೊಗೆಯೆಲ್ಲ ಕೆಳಗೆ ಉಳಿದು ನೆತ್ತಿಯ ಮೇಲಿನ ಆಕಾಶ ಬಹಳ ಕಪ್ಪಾಗಿರುತ್ತದೆ. ಆದರೆ ನಕಾಶೆಯಲ್ಲಿ ದಕ್ಷಿಣಕ್ಕೆ ನೋಡಿ. ಪಂಚಗಣಿ, ಮಹಾಬಳೇಶ್ವರ ಎರಡೂ ಅಲ್ಲಿಂದ ನೇರ ದೂರದಲ್ಲಿ ಸುಮಾರು 16 ಕಿ.ಮೀ., ಆಗ್ನೇಯಕ್ಕೆ ವಾಯಿ. ಊರುಗಳು ಚಿಕ್ಕವು, ಹೋಟೆಲುಗಳ ದೀಪ ಚಿಕ್ಕದಲ್ಲ. ತ್ರಿಶಂಕು ಕಾಣುವ ಎತ್ತರದಲ್ಲೇ ಆ ಬೆಳಕಿನ ಪಟ್ಟಿ ಇರುತ್ತದೆ. ಹೀಗಾಗಿ ಚಳಿಗಾಲದ ಎತ್ತರದ ನಕ್ಷತ್ರಗಳಿಗೆ, ಉಲ್ಕಾವೃಷ್ಟಿಗೆ ರಾಯರೇಶ್ವರ ಒಳ್ಳೆಯದು. ದಕ್ಷಿಣ ದಿಗಂತಕ್ಕೆ ಹಿನ್ನೀರೇ ಮೇಲು. ಕೊನೆಯಲ್ಲಿ ಕಬ್ಬಿಣದ ಏಣಿ ಹತ್ತಬೇಕಾಗುವುದರಿಂದ ಸೂರ್ಯಾಸ್ತಕ್ಕೆ ಮೊದಲೇ ಮೇಲಿರಬೇಕು, ಬೆಳಕು ಹರಿದ ಮೇಲೆಯೇ ಇಳಿಯಬೇಕು.

ಸಂಜೆ ಕೆಲಸದಿಂದ ಬಂದು ಒಂದು ಗಂಟೆ ಮಾತ್ರ ಸಿಗುತ್ತದೆ ಎನ್ನುವ ದಿನಕ್ಕೆ ರೋಹಿಡಾ ಕೋಟೆಯ ಬುಡ, ಅಂಬವಡೆ ಕಡೆಯ ಹಳ್ಳಿಗಳು ಸಾಕು. ದಕ್ಷಿಣದಲ್ಲಿ ಗುಡ್ಡ ಅಡ್ಡ ಬರುತ್ತದೆ, ಆದರೆ ಊರಿನ ದೀಪದಿಂದ ಬಿಡುಗಡೆ. ವಾರಕ್ಕೊಮ್ಮೆ ಹೋಗಬಹುದಾದ ಸಾಧಾರಣ ಜಾಗ ವರ್ಷಕ್ಕೊಮ್ಮೆ ಹೋಗುವ ಶ್ರೇಷ್ಠ ಜಾಗಕ್ಕಿಂತ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಕಾಶ ಒಂದೇ ರಾತ್ರಿಯಲ್ಲಿ ಪರಿಚಯವಾಗುವುದಿಲ್ಲ.

ಈಗ ಅಂತರಜಾಲದ ಬೆಳಕು-ಮಾಲಿನ್ಯದ ನಕಾಶೆಗಳ ವಿಷಯ. ಬಣ್ಣಬಣ್ಣದ ಆ ನಕಾಶೆಗಳು ದಿಕ್ಕು ತೋರಿಸಲು ಒಳ್ಳೆಯವು, ಕೊನೆಯ ತೀರ್ಪು ಕೊಡಲು ಅಲ್ಲ. ಅವುಗಳ ಹಿಂದಿರುವ ಚಿತ್ರಗಳನ್ನು ತೆಗೆಯುವ ಸುವೋಮಿ ಎನ್‌ಪಿಪಿ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ರಾತ್ರಿ ಒಂದೂವರೆ ಸುಮಾರಿಗೆ. ಅಷ್ಟು ಹೊತ್ತಿಗೆ ಅಂಗಡಿ, ಮದುವೆ ಹಾಲ್‌ಗಳ ದೀಪ ಆರಿರುತ್ತವೆ. ನೀವು ಎಂಟು ಗಂಟೆಗೆ ಹೋದಾಗ ಉರಿಯುತ್ತಿರುತ್ತವೆ. ಅದಕ್ಕಿಂತ ಮುಖ್ಯ ಸಂಗತಿ ಏನೆಂದರೆ ಅದರ ಕ್ಯಾಮೆರಾಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಊರು ನಕಾಶೆಯಲ್ಲಿ ಮೊದಲಿಗಿಂತ ಕಪ್ಪಾಗಿ ತೋರಬಹುದು. ನಿಜದಲ್ಲಿ ಬಿಳಿ ಎಲ್‌ಇಡಿಯಲ್ಲಿರುವ ನೀಲಿ ಅಂಶ ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಹೆಚ್ಚು ಬೆಳಗಿಸುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದಕ್ಕೂ ಇದೇ ಚದುರುವಿಕೆ ಕಾರಣ.

ಆದ್ದರಿಂದ ನಕಾಶೆಯಲ್ಲಿ ಎರಡು ಮೂರು ಜಾಗ ಗುರುತಿಸಿಕೊಂಡು ಒಂದು ಭಾನುವಾರ ಹಗಲು ಹೊತ್ತಿನಲ್ಲಿ ಹೋಗಿ ಬನ್ನಿ. ತೆರೆದ ಬಾವಿ, ತಂತಿಬೇಲಿ, ಸಾಕುನಾಯಿ ಎಲ್ಲಿವೆ ನೋಡಿ. ಕಂಬಗಳಲ್ಲಿ ದೀಪ ಇದೆಯೇ, ದೇವಸ್ಥಾನದ ಮುಂದೆ ಹ್ಯಾಲೊಜೆನ್ ಇದೆಯೇ, ಕೋಳಿಫಾರ್ಮ್, ಪಾಲಿಹೌಸ್ ಹತ್ತಿರ ಇದೆಯೇ ಎಂದು ವಿಚಾರಿಸಿ. ಮೊಬೈಲ್ ಸಿಗ್ನಲ್ ಸಿಗುವ ಜಾಗ ಗುರುತು ಮಾಡಿಕೊಳ್ಳಿ. ಫೋನಿನ ದಿಕ್ಸೂಚಿ ಹಿಡಿದು ದಕ್ಷಿಣಕ್ಕೆ ನಿಂತು ಮುಷ್ಟಿಯ ಲೆಕ್ಕ ಮಾಡಿ. ಆಮೇಲೆ ಹಳ್ಳಿಯ ಪೊಲೀಸ್ ಪಾಟೀಲರನ್ನೋ ಸರಪಂಚರನ್ನೋ ಕಂಡು ಬನ್ನಿ. ‘ತಾರೇ ಬಘಾಯ್‌ಲಾ ಯೇಣಾರ್ ಆಹೋತ್, ಮುಲಾಂನಾ ಘೇಊನ್’ (ಮಕ್ಕಳನ್ನು ಕರೆದುಕೊಂಡು ನಕ್ಷತ್ರ ನೋಡಲು ಬರುತ್ತೇವೆ) ಎಂದು ಮರಾಠಿಯಲ್ಲಿ ಹೇಳಿದರೆ ಸಾಕು, ಯಾರೂ ಬೇಡ ಅನ್ನುವುದಿಲ್ಲ. ಬಹಳ ಸಲ ಅವರ ಮನೆಯ ಮಕ್ಕಳೂ ಬಂದು ಕೂರುತ್ತವೆ. ಹೇಳದೆ ಕೇಳದೆ ಕತ್ತಲಲ್ಲಿ ನಿಂತ ಕಾರು ಯಾವ ಊರಿನಲ್ಲೂ ಆತಂಕ ಹುಟ್ಟಿಸುತ್ತದೆ. ಅರಣ್ಯ ಇಲಾಖೆಯ ಜಾಗವಾಗಿದ್ದರೆ, ಸಂರಕ್ಷಿತ ಕೋಟೆಯಾಗಿದ್ದರೆ, ರಾತ್ರಿ ಇರಲು ಅನುಮತಿ ಉಂಟೇ ಎಂದು ಮೊದಲೇ ಕೇಳಲೇಬೇಕು.

ಪ್ರಾಣಿಗಳ ವಿಷಯ ಹಗುರ ಮಾಡಿ ಹೇಳಲಾರೆ. ಪುಣೆ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕಿ ಬದುಕುತ್ತಿವೆ, ಜುನ್ನರ್ ಕಡೆಯಂತೂ ಇದು ಎಲ್ಲರಿಗೂ ತಿಳಿದದ್ದು. ಕಬ್ಬಿನ ಅಂಚಿನಲ್ಲಿ, ಪೊದೆಗೆ ಬೆನ್ನು ಕೊಟ್ಟು ಕೂರಬಾರದು. ಸುತ್ತ ಬಯಲು ಇರಲಿ, ಮಕ್ಕಳು ದೊಡ್ಡವರ ನಡುವೆ ಇರಲಿ, ಮಾತು ಜೋರಾಗಿಯೇ ಇರಲಿ. ಕೊಳಕುಮಂಡಲ, ಕಟ್ಟುಹಾವು ಎರಡೂ ಈ ಭಾಗದಲ್ಲಿವೆ. ಮುಚ್ಚಿದ ಬೂಟು ಕಡ್ಡಾಯ. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಂತೆ ಕೆಂಪು ಟಾರ್ಚ್ ಬಳಸಿ ಎಂದು ಎಲ್ಲರೂ ಹೇಳುತ್ತಾರೆ. ಕುಳಿತಲ್ಲಿ ನಕಾಶೆ ನೋಡಲು ಅದು ಸರಿ. ಎದ್ದು ನಡೆಯುವಾಗ ಬಿಳಿ ಟಾರ್ಚೇ ಹಿಡಿಯಿರಿ. ಕಣ್ಣು ಅರ್ಧ ಗಂಟೆಯಲ್ಲಿ ಮತ್ತೆ ಹೊಂದಿಕೊಳ್ಳುತ್ತದೆ.

ಆ ಅರ್ಧ ಗಂಟೆ ಮಾತ್ರ ತಪ್ಪಿಸಲಾಗದ್ದು. ಕತ್ತಲಲ್ಲಿ ನೋಡುವ ಕಣ್ಣಿನ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಬೆಳಕು ಬಿದ್ದರೆ ಒಡೆಯುತ್ತದೆ, ಮತ್ತೆ ಕೂಡಲು 20ರಿಂದ 30 ನಿಮಿಷ ಬೇಕು. ಕಾರಿನ ಬಾಗಿಲು ತೆರೆದಾಗ ಹೊತ್ತುವ ಒಳದೀಪಕ್ಕೆ ಮೊದಲೇ ಟೇಪ್ ಅಂಟಿಸಿ. ಫೋನು ಒಬ್ಬರ ಕೈಯಲ್ಲಿ ಮಾತ್ರ ಇರಲಿ. ತೀರ ಮಸುಕಾದದ್ದನ್ನು ನೇರ ದಿಟ್ಟಿಸದೆ ಅದರ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಅದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಆ ಕೋಶಗಳು ಕಣ್ಣಿನ ನಡುವೆ ಇಲ್ಲ, ಸುತ್ತಲೂ ಇವೆ.

ಯಾವಾಗ ಹೋಗಬೇಕು ಎನ್ನುವುದಕ್ಕೆ ನಿಮ್ಮ ಮನೆಯ ಪಂಚಾಂಗಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಸಹ್ಯಾದ್ರಿಯಲ್ಲಿ ಆಕಾಶವೇ ಇರುವುದಿಲ್ಲ, ವರಂಧಾ ಘಾಟ್‌ನಲ್ಲಿ ಮಣ್ಣು ಕುಸಿಯುವ ಭಯ ಬೇರೆ. ದೀಪಾವಳಿ ಅಮಾವಾಸ್ಯೆಗೆ ಪಟಾಕಿಯ ಹೊಗೆ. ಅಲ್ಲಿಂದ ಮುಂದೆ ಬರುವ ಛಟ್ಟಿ ಅಮಾವಾಸ್ಯೆ, ನಿಮ್ಮ ಕಡೆಯವರು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಎಳ್ಳ ಅಮಾವಾಸ್ಯೆ, ಅವರಾತ್ರಿ, ಶಿವರಾತ್ರಿ, ಯುಗಾದಿ ಅಮಾವಾಸ್ಯೆ, ಈ ಐದು ಅಮಾವಾಸ್ಯೆಗಳ ಆಸುಪಾಸಿನ ರಾತ್ರಿಗಳು ನಿಮ್ಮವು. ಅಮಾವಾಸ್ಯೆಯ ದಿನವೇ ಹೊರಡಲು ಮನೆಯ ಹಿರಿಯರು ಒಪ್ಪದಿದ್ದರೆ ಚಿಂತೆ ಬೇಡ. ಅದಕ್ಕೆ ಹಿಂದಿನ ಒಂದು ವಾರ ಚಂದ್ರ ನಡುರಾತ್ರಿ ಕಳೆದೇ ಹುಟ್ಟುತ್ತಾನೆ, ನಂತರದ ಮೂರು ನಾಲ್ಕು ದಿನ ಬೇಗ ಮುಳುಗುತ್ತಾನೆ. ದಿನಕ್ಕೆ ಸುಮಾರು 50 ನಿಮಿಷ ತಡ ಎಂಬ ಲೆಕ್ಕ ನೆನಪಿಟ್ಟರೆ ಯಾವ ಶನಿವಾರ ಹೊರಡಬೇಕೆಂದು ನೀವೇ ಹೇಳಬಲ್ಲಿರಿ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ರಾತ್ರಿ ಒಂಬತ್ತಕ್ಕೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ ಎಲ್ಲ ಮೇಲೇರಿರುತ್ತವೆ. ಮಕ್ಕಳಿಗೆ ಹೆಸರು ಕಲಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್ 13–14ರ ರಾತ್ರಿ ಜೆಮಿನಿಡ್ ಉಲ್ಕೆಗಳು. ಬಹಳ ಹೆಸರಾದ ಆಗಸ್ಟಿನ ಪರ್ಸಿಯಿಡ್ ನಮ್ಮ ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ, ಜೆಮಿನಿಡ್ ಮಾತ್ರ ನಮ್ಮದು. ಫೆಬ್ರವರಿ ನಡುವೆ ರಾತ್ರಿ ಒಂಬತ್ತೂವರೆಗೆ ಅಗಸ್ತ್ಯ ನೆಟ್ಟಗೆ ದಕ್ಷಿಣದಲ್ಲಿ, ಅವನ ಮೇಲೆ ಲುಬ್ಧಕ (ಸಿರಿಯಸ್). ಯುಗಾದಿ ಹೊತ್ತಿಗೆ ನಡುರಾತ್ರಿ ಕಳೆದ ಮೇಲೆ ಆಗ್ನೇಯದಲ್ಲಿ ವೃಶ್ಚಿಕ ಮೇಲೇರುತ್ತದೆ, ಅದರ ಬಾಲ ಹಿಡಿದುಕೊಂಡು ನೀವು ಅಂಗಳದಲ್ಲಿ ಮಲಗಿ ನೋಡುತ್ತಿದ್ದ ಅದೇ ಆಕಾಶಗಂಗೆ. ಏಪ್ರಿಲ್ ನಡುವೆ ರಾತ್ರಿ ಹನ್ನೊಂದೂವರೆಗೆ ತ್ರಿಶಂಕು, ಹನ್ನೆರಡೂವರೆಗೆ ಒಮೇಗಾ ಸೆಂಟಾರಿ ದಕ್ಷಿಣದಲ್ಲಿ ತಮ್ಮ ಎತ್ತರ ಮುಟ್ಟುತ್ತವೆ. ಸುಮಾರು 17,000 ಜ್ಯೋತಿರ್ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಆ ಗುಚ್ಛ ಬರಿಗಣ್ಣಿಗೆ ಮಸುಕು ಚುಕ್ಕಿಯಾಗಿ ಕಾಣುವುದು ನಮ್ಮ ಅಕ್ಷಾಂಶದ ಭಾಗ್ಯ. ಆದರೆ ಮಾರ್ಚ್ ಕಳೆದಂತೆ ಧೂಳು ಹೆಚ್ಚುತ್ತದೆ, ಮಾವಳ ಸೀಮೆಯಲ್ಲಿ ಭತ್ತದ ಸಸಿಮಡಿಗೆ ಸೊಪ್ಪು ಸುಡುವ ಹೊಗೆಯೂ ಸೇರುತ್ತದೆ. ಅಕಾಲ ಮಳೆ ಸುರಿದ ಮರುದಿನ ಬಿಡುವಿದ್ದರೆ ಬಿಡಬೇಡಿ, ಗಾಳಿ ತೊಳೆದಂತೆ ಇರುತ್ತದೆ. ಚಳಿಗಾಲದಲ್ಲಿ ನೀರಿನ ಪಕ್ಕ ಬೆಳಗಿನ ಜಾವಕ್ಕೆ ಮಂಜು ಇಳಿಯುತ್ತದೆ. ಹಿನ್ನೀರಿಗೆ ಸಂಜೆಯೇ ಹೋಗಿ. ನೆಲಕ್ಕೆ ತಾಡಪತ್ರಿ, ಮೇಲೆ ಊರಿಂದ ತಂದ ಕೌದಿ, ಹೊದೆಯಲು ಇನ್ನೊಂದು. ಮಲಗಿಯೇ ನೋಡಬೇಕು, ನಿಂತು ಕತ್ತೆತ್ತಿದರೆ ಮಕ್ಕಳು ಹತ್ತು ನಿಮಿಷಕ್ಕೆ ದಣಿಯುತ್ತಾರೆ.

ಸಿಕ್ಕಿದ ಜಾಗ ಎಷ್ಟು ಕಪ್ಪು ಎಂದು ತೂಗುವುದು ಹೇಗೆ? ಜಾನ್ ಬಾರ್ಟಲ್ ಎಂಬ ಹವ್ಯಾಸಿ ಖಗೋಳಜ್ಞರು 2001ರಲ್ಲಿ ರೂಪಿಸಿದ ಒಂಬತ್ತು ಹಂತಗಳ ಮಾಪನವನ್ನು ಜಗತ್ತೆಲ್ಲ ಬಳಸುತ್ತದೆ. ಒಂದು ಎಂದರೆ ಅತ್ಯಂತ ಕಪ್ಪು, ಒಂಬತ್ತು ಎಂದರೆ ಮಹಾನಗರದ ನಡುಭಾಗ. ಅದರ ಹೂರಣವನ್ನು ನಮ್ಮ ನಕ್ಷತ್ರಗಳ ಮೂಲಕವೇ ಹೇಳಬಹುದು. ಕೃತ್ತಿಕೆಯಲ್ಲಿ ಆರು ಚುಕ್ಕಿ ಸಲೀಸಾಗಿ ಎಣಿಸಲು ಬಂದರೆ ಊರಿನ ದೀಪದಿಂದ ತಪ್ಪಿಸಿಕೊಂಡಿದ್ದೀರಿ. ಪುಷ್ಯ ನಕ್ಷತ್ರದ ಬಳಿ ಹೊಗೆಯಂಥ ಒಂದು ಮಚ್ಚೆ ಬರಿಗಣ್ಣಿಗೆ ಕಂಡರೆ ಜಾಗ ಚೆನ್ನಾಗಿದೆ. ಅದು ಕೂಡ ಒಂದು ತಾರಾಗುಚ್ಛ. ನವೆಂಬರ್, ಡಿಸೆಂಬರ್ ಸಂಜೆ ನೆತ್ತಿಯ ಉತ್ತರಕ್ಕೆ ದೇವಯಾನಿ ಗೆಲಕ್ಸಿ ಮಸುಕಾಗಿ ಸಿಕ್ಕರೆ ಇನ್ನೂ ಚೆನ್ನ. 25 ಲಕ್ಷ ವರ್ಷ ಹಿಂದೆ ಹೊರಟ ಬೆಳಕು ಅದು. ಆರ್ದ್ರೆಗೂ ಮಿಥುನಕ್ಕೂ ನಡುವೆ ಹಾಯುವ ಚಳಿಗಾಲದ ಆಕಾಶಗಂಗೆ ಬೇಸಿಗೆಯದಕ್ಕಿಂತ ಬಹಳ ತೆಳು. ಅದೇ ಕಂಡರೆ ಬೇರೆ ಜಾಗ ಹುಡುಕುವ ಅಗತ್ಯವೇ ಇಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಸಂಜೆಗೆಂಪು ಪೂರ್ತಿ ಆರಿದ ಮೇಲೆ ಪಶ್ಚಿಮದಲ್ಲಿ ದಿಗಂತದಿಂದ ಮೇಲಕ್ಕೆ ಗೋಪುರದಂತೆ ಚೂಪಾಗುವ ಮಂದ ಬೆಳಕು ಕಂಡೀತು. ಅದು ಯಾವ ಊರಿನದೂ ಅಲ್ಲ. ಗ್ರಹಗಳ ನಡುವೆ ಹರಡಿದ ಧೂಳಿನ ಮೇಲೆ ಸೂರ್ಯನ ಬೆಳಕು ಬಿದ್ದು ಹೊಳೆಯುವುದು, ರಾಶಿಚಕ್ರ ಪ್ರಭೆ. ಇನ್ನೊಂದು ಸುಲಭದ ಪರೀಕ್ಷೆ ಮೋಡ. ತುಂಡು ಮೋಡವೊಂದು ಆಕಾಶಕ್ಕಿಂತ ಬೆಳ್ಳಗೆ ಕಂಡರೆ ಕೆಳಗೆ ದೀಪಗಳಿವೆ. ನಕ್ಷತ್ರಗಳ ನಡುವೆ ಕಪ್ಪು ತೂತಿನಂತೆ ಕಂಡರೆ ನೀವು ಸರಿಯಾದ ಕಡೆ ಇದ್ದೀರಿ.

ನಿಜವಾದ ಖಗೋಳಜ್ಞರೂ ಹೀಗೇ ಹುಡುಕುತ್ತಾರೆ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯುಕಾ ತನ್ನ 2 ಮೀಟರ್ ವ್ಯಾಸದ ದೂರದರ್ಶಕವನ್ನು ಕ್ಯಾಂಪಸ್‌ನಲ್ಲಿ ಇಡಲಿಲ್ಲ; ಜುನ್ನರ್ ಕಡೆಯ ಗುಡ್ಡಗಳಲ್ಲಿ, ನಗರದಿಂದ ಸುಮಾರು 80 ಕಿ.ಮೀ. ದೂರದ ಗಿರವಲಿಯಲ್ಲಿ ಕಟ್ಟಿತು. 2006ರಲ್ಲಿ ಅದು ಉದ್ಘಾಟನೆಯಾಯಿತು. ಇನ್ನು ಕಪ್ಪು ಆಕಾಶವನ್ನು ಉಳಿಸಿಕೊಳ್ಳುವುದು ಆಗದ ಕೆಲಸವೇನಲ್ಲ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿದರು. ನಮ್ಮ ಮಹಾರಾಷ್ಟ್ರದ ಪೆಂಚ್ ಹುಲಿ ರಕ್ಷಿತಾರಣ್ಯ 2024ರ ಜನವರಿಯಲ್ಲಿ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಪಡೆಯಿತು. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ದೀಪಗಳನ್ನು ನೆಲದತ್ತ ಮುಖ ಮಾಡುವಂತೆ ಬದಲಿಸಿದರು. ದೀಪ ತೆಗೆಯಬೇಕಾಗಿಲ್ಲ, ಅದರ ತಲೆಯ ಮೇಲೊಂದು ಮುಚ್ಚಳ ಬೇಕು, ಬಣ್ಣ ಬೆಚ್ಚಗಿನ ಹಳದಿ ಇರಬೇಕು. ನೀವು ಹೋಗುವ ಹಿನ್ನೀರಿನ ಹಳ್ಳಿಯಲ್ಲಿ ಪರಿಚಯ ಬೆಳೆದ ಮೇಲೆ ಸರಪಂಚರ ಕಿವಿಗೆ ಈ ಮಾತು ಹಾಕಿ. ಹೊಸ ಕಂಬ ನೆಡುವ ಮೊದಲೇ ಹೇಳಿದರೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಆಕಾಶಗಂಗೆ ಕಾಣದ ಮಕ್ಕಳು ನಿಮ್ಮ ಮನೆಯಲ್ಲಿ ಮಾತ್ರ ಇಲ್ಲ. 2016ರಲ್ಲಿ ಪ್ರಕಟವಾದ ಕೃತಕ ಬೆಳಕಿನ ಜಾಗತಿಕ ನಕಾಶೆಯ ಪ್ರಕಾರ ಮನುಷ್ಯರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರಿಗೆ ತಾವಿರುವಲ್ಲಿಂದ ಅದು ಕಾಣುವುದಿಲ್ಲ. ಇದು ನನಗೆ ಬಹಳ ದುಃಖ ಕೊಡುವ ಸಂಗತಿ.

ಕೊನೆಯ ಪ್ರಶ್ನೆ ಟೆಲಿಸ್ಕೋಪಿನದು. ಈಗಲೇ ಕೊಳ್ಳಬೇಡಿ. ಮೊದಲ ಚಳಿಗಾಲ ಬರಿಗಣ್ಣು, ಫೋನಿನಲ್ಲಿ ಆಕಾಶದ ನಕಾಶೆ ತೋರಿಸುವ ಸ್ಟೆಲೇರಿಯಂ ಆ್ಯಪ್, ಪಂಚಾಂಗ ಇಷ್ಟೇ ಸಾಕು. ಎರಡನೆಯ ವರ್ಷ ಒಂದು ಬೈನಾಕ್ಯುಲರ್ ತನ್ನಿ, 7x50 ಇಲ್ಲವೇ 10x50 (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು, ಎರಡನೆಯದು ಮುಂದಿನ ಗಾಜಿನ ವ್ಯಾಸ ಮಿ.ಮೀ.ನಲ್ಲಿ). ಮಕ್ಕಳ ಕೈಗೆ 7x50 ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ. ಕೃತ್ತಿಕೆ, ಒಮೇಗಾ ಸೆಂಟಾರಿ, ಧನುವಿನ ನೀಹಾರಿಕೆಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಅಷ್ಟರೊಳಗೆ ಒಂದು ದಿನ ಪುಣೆಗೆ ಬಂದು ತಿಲಕ್ ಸ್ಮಾರಕ ಮಂದಿರದಲ್ಲಿರುವ ಜ್ಯೋತಿರ್ವಿದ್ಯಾ ಪರಿಸಂಸ್ಥೆಯವರನ್ನು ಕಾಣಿ. 1944ರಿಂದ ನಡೆದುಬಂದಿರುವ, ಹವ್ಯಾಸಿಗಳೇ ಕಟ್ಟಿದ ಸಂಸ್ಥೆ ಅದು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಐಯುಕಾ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದ 45 ಮೀಟರ್ ವ್ಯಾಸದ ಆಂಟೆನಾಗಳನ್ನೂ ಆ ಹೊತ್ತಿಗೆ ಹತ್ತಿರದಿಂದ ತೋರಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಬೇರೆಯವರ ಟೆಲಿಸ್ಕೋಪುಗಳಲ್ಲಿ ಶನಿಯ ಉಂಗುರ, ಗುರುವಿನ ಚಂದ್ರರನ್ನು ನೋಡಿ, ಯಾವುದನ್ನು ನಿಮ್ಮ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹಿನ್ನೀರಿನ ತನಕ ಒಯ್ಯಲಾದೀತು ಎಂದು ಕೇಳಿ ತಿಳಿದ ಮೇಲೆ ಹಣ ಹಾಕಿ.